ಗಿರಣಿ ಮೀಟರ್‌ಗೆ ಟಿಒಡಿ ದರ: ರೊಟ್ಟಿ ತಿನ್ನೋ ಊರಿಗೆ ಇದು ಹೊಂದಲಿಲ್ಲ

ಗದಗ-ಬೆಟಗೇರಿಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಜೋಳ, ಗೋಧಿಗೆ 10 ಎಚ್‌ಪಿ ಮೋಟರಿನ ಕಲ್ಲು, ಖಾರಕ್ಕೆ 7.5 ಎಚ್‌ಪಿಯ ಬೇರೆ ಮಷಿನ್, ಕಡ್ಲಿಹಿಟ್ಟು, ನುಚ್ಚಿಗೆ 3 ಎಚ್‌ಪಿಯ ಸಣ್ಣದೊಂದು. ಮೀಟರ್ ಎಲ್‌ಟಿ-5, ಅಂದರೆ ಕೈಗಾರಿಕೆಯದು. ಡಿಮ್ಯಾಂಡ್ ಆಧಾರಿತ ಬಿಲ್ಲು (ಒಂದು ಹೊತ್ತಿಗೆ ಎಳೆಯುವ ಕರೆಂಟು ನೋಡಿ ಸ್ಥಿರ ಶುಲ್ಕ), ಟಿಒಡಿ ದರ (ಹೊತ್ತಿಗೊಂದು ದರ) ಎರಡನ್ನೂ ಕೇಳಿ ಹಾಕಿಸಿಕೊಂಡು ಈಗ ಎರಡನೇ ವರ್ಷ ನಡೆದಿದೆ. ಮೊದಲನೆಯದು ನನಗೆ ಬಲು ಹಿಡಿಸಿದೆ. ಎರಡನೆಯದರ ಬಗ್ಗೆ ಸಿಟ್ಟಿದೆ, ಬರೆಯಲು ಕೂತದ್ದೇ ಅದಕ್ಕೆ.

ಕರೆಂಟಿನ ಕಂಪನಿಯನ್ನು ಮೊಬೈಲ್ ಸಿಮ್ಮಿನ ಹಾಗೆ ಬದಲಿಸಲು ನಮಗೆ ಬರುವುದಿಲ್ಲ. ಯೂನಿಟ್‌ಗೆ ಎಷ್ಟು ಅನ್ನುವುದನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಆದೇಶ ಹೊರಡಿಸಿ ಗೊತ್ತು ಮಾಡುತ್ತದೆ. ನಮ್ಮ ಕೈಲಿರುವುದು ಮೂರೇ: ಯಾವ ವರ್ಗದ ಮೀಟರ್, ಎಷ್ಟು ಲೋಡು, ಯಾವ ಹೊತ್ತಿಗೆ ಬಳಕೆ. ಮೊದಲು ನಾನೂ ಬಿಲ್ಲಿನ ಕೊನೆಯ ಸಾಲು ನೋಡಿ ದುಡ್ಡು ಕಟ್ಟಿ ಬರುವವನೇ. 2023ರ ಜೂನ್‌ನಲ್ಲಿ ದರ ಏರಿಕೆ ವಿರುದ್ಧ ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯವರು ಬಂದ್‌ಗೆ ಕರೆ ಕೊಟ್ಟರಲ್ಲ, ಆಗ ಕಟ್ಟೆಯ ಮೇಲೆ ಕೂತವರೆಲ್ಲ ಬಿಲ್ಲು ಬಿಚ್ಚಿ ಸಾಲು ಸಾಲು ಓದಲು ಶುರು ಮಾಡಿದರು. ನನ್ನ ಬಿಲ್ಲಿನಲ್ಲಿ ಕಣ್ಣಿಗೆ ಬಡಿದದ್ದು ಸ್ಥಿರ ಶುಲ್ಕ. ಮೂರೂ ಮೋಟರ್ ಕೂಡಿಸಿ 20.5 ಎಚ್‌ಪಿ ಮಂಜೂರಾತಿ ಇತ್ತು. ಗಿರಣಿ ಬಂದ್ ಇರಲಿ, ಚಾಲೂ ಇರಲಿ, ಅಷ್ಟೂ ಎಚ್‌ಪಿಗೆ ತಿಂಗಳಿಗೊಮ್ಮೆ ದುಡ್ಡು. ಆದರೆ ನಮ್ಮಲ್ಲಿ ಮೂರೂ ಒಮ್ಮೆಗೆ ತಿರುಗುವುದೇ ಇಲ್ಲ. ಇರುವ ಆಳು ಒಬ್ಬ, ನಾನೊಬ್ಬ. ಖಾರ ಕುಟ್ಟುವಾಗ ಪಕ್ಕದಲ್ಲಿ ಜೋಳ ಬೀಸಿದರೆ ಘಾಟು ಹಿಟ್ಟಿಗೆ ಹತ್ತುತ್ತದೆ, ಗಿರಾಕಿ ಬೈಯುತ್ತಾರೆ.

ಡಿಮ್ಯಾಂಡ್ ಆಧಾರಿತ ಬಿಲ್ಲು ಕೂಡುವುದು ಇಂಥ ಕಡೆ. ಗೋಡೆಗೆ ಎಷ್ಟು ಮೋಟರ್ ಕೂಡಿಸಿದ್ದೀರಿ ಎಂದು ಕೇಳುವುದಿಲ್ಲ, ಒಂದು ಹೊತ್ತಿನಲ್ಲಿ ಹೆಚ್ಚೆಂದರೆ ಎಷ್ಟು ಎಳೆದಿರಿ ಎಂದು ಮೀಟರನ್ನೇ ಕೇಳುತ್ತದೆ. ಆ ಅಂಕಿಗೆ ಎಂಡಿ, ಅಂದರೆ ಮ್ಯಾಕ್ಸಿಮಮ್ ಡಿಮ್ಯಾಂಡ್, ಎನ್ನುತ್ತಾರೆ. ಅದು 15 ನಿಮಿಷದ ಸರಾಸರಿ, ಹಾಗಾಗಿ ಮೋಟರ್ ಎತ್ತುವಾಗ ಒಂದು ಕ್ಷಣ ಜಗ್ಗುವ ಕರೆಂಟಿಗೆ ಹೆದರಬೇಕಿಲ್ಲ. ಮೂರೂ ಮೋಟರ್ ಸೇರಿದರೆ 15 ಕಿಲೊವ್ಯಾಟ್ ದಾಟುತ್ತದೆ. ನಾನು ಬರೆದುಕೊಟ್ಟ ಡಿಮ್ಯಾಂಡ್ 9 ಕಿಲೊವ್ಯಾಟ್. ಅದರ ಶೇ 85 ಅಥವಾ ನಿಜವಾಗಿ ದಾಖಲಾದ ಎಂಡಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಶುಲ್ಕ. 9 ದಾಟಿದರೆ ದಾಟಿದಷ್ಟಕ್ಕೆ ದುಪ್ಪಟ್ಟು. ಎಚ್‌ಪಿ ದರ, ಕಿಲೊವ್ಯಾಟ್ ದರ ಬೇರೆ ಬೇರೆ ಇರುತ್ತವೆ, ನಿಮ್ಮ ಬಿಲ್ಲಿನ ಅಂಕಿ ಹಾಕಿ ನೋಡಿಕೊಳ್ಳಿ. ನನಗಂತೂ ಮೊದಲ ತಿಂಗಳೇ ಸ್ಥಿರ ಶುಲ್ಕದ ಸಾಲು ಎದ್ದು ಕಾಣುವಷ್ಟು ಇಳಿಯಿತು.

ಆವತ್ತಿನಿಂದ ನನಗೊಂದು ಚಟ ಹತ್ತಿದೆ. ಬೆಳಿಗ್ಗೆ ಶಟರ್ ಎತ್ತಿ, ಕಲ್ಲಿಗೆ ಊದಿನಕಡ್ಡಿ ಬೆಳಗುವ ಮೊದಲು ಮೀಟರಿನ ಗುಂಡಿ ಒತ್ತುತ್ತೇನೆ. ಒಂದೊಂದೇ ಅಂಕಿ ಮೂಡುತ್ತ ಹೋಗುತ್ತದೆ: ತಾರೀಕು, ಯೂನಿಟ್, ಎಂಡಿ, ಪಿಎಫ್ (ಪವರ್ ಫ್ಯಾಕ್ಟರ್, ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕೆಲಸಕ್ಕೆ ಬಂತು ಅನ್ನುವ ಅಂಕಿ). ಕೆಂಪು ರಟ್ಟಿನ ಕಿರ್ದಿಯಲ್ಲಿ, ಉದ್ರಿ ಬರೆಯುವ ಹಾಳೆಯ ಎದುರು ಬದಿಯಲ್ಲಿ, ಬರೆದಿಡುತ್ತೇನೆ. ಎಂಡಿ 8.2, 8.3ರಲ್ಲಿ ನಿಂತಿದ್ದರೆ ಚಹಾ ರುಚಿ ಹತ್ತುತ್ತದೆ. ಕಲ್ಲು ಕಟಿಸಿ ಚೂಪು ಮಾಡಿದ ದಿನ ಯೂನಿಟ್ ತುಸು ಇಳಿದಿರುತ್ತದೆ, ಪಟ್ಟಾ ಸಡಿಲಾಗಿ ಜಾರಿದ ದಿನ ಯೂನಿಟ್ ಏರಿ ಹಿಟ್ಟು ಕಡಿಮೆ ಬಿದ್ದಿರುತ್ತದೆ. ಮನೆಯಾಕೆ ಕೇಳುತ್ತಾಳೆ, 'ದೇವರಿಗೆ ಕೈ ಮುಗಿಯೂಕಿಂತ ಮೊದ್ಲ ಮೀಟರಿಗೆ ಮುಗಿತೀರೇನ್ರಿ?' ಇಷ್ಟು ವರ್ಷ ಆ ಪೆಟ್ಟಿಗೆ ಧೂಳು ಹಿಡಿದು ನೇತಾಡುತ್ತಿತ್ತು, ಒಳಗೆ ಇಷ್ಟೆಲ್ಲ ಲೆಕ್ಕ ಇಟ್ಟಿರುತ್ತದೆ ಎಂದು ಗೊತ್ತೇ ಇರಲಿಲ್ಲ.

ಪಿಎಫ್‌ನ ಕಥೆಯೂ ಅದರಲ್ಲೇ ಸಿಕ್ಕಿತು. ಅಂಕಿ ದಿನಾ ಇಳಿಯತೊಡಗಿದಾಗ ಎಲೆಕ್ಟ್ರಿಷಿಯನ್ ಬಂದು ನೋಡಿದ, ಪಿಎಫ್ ಇಳಿಯದಂತೆ ಹಿಡಿಯುವ ಕೆಪ್ಯಾಸಿಟರ್ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಬದಲಿಸಿದೆವು. ಬರಿ ಬಿಲ್ಲು ನೋಡಿಕೊಂಡಿದ್ದರೆ ದಂಡ ಬಿದ್ದ ಮೇಲೆ ತಿಳಿಯುತ್ತಿತ್ತು.

ಒಂದು ಎಚ್ಚರಿಕೆ: ಈ ಲೆಕ್ಕ ಗಿರಣಿಯಲ್ಲಿ ಕೈ ಹಾಕುವ ಎಲ್ಲರಿಗೂ ಗೊತ್ತಿರಬೇಕು. ಖಾರದ ಹಂಗಾಮಿನಲ್ಲಿ, ಯುಗಾದಿ ಆಜೂಬಾಜು, ಎಲ್ಲರೂ ವರ್ಷದ ಖಾರಕ್ಕೆ ಬ್ಯಾಡಗಿ ಡಬ್ಬಿ, ಕಡ್ಡಿ ಒಣಗಿಸಿ ತರುವ ಹೊತ್ತಿನಲ್ಲಿ ಪಾಳಿ ಉದ್ದ ಆಯಿತೆಂದು ಅಳಿಯ ಕಲ್ಲನ್ನೂ ಖಾರದ ಮಷಿನನ್ನೂ ಕೂಡಿಯೇ ಚಾಲೂ ಮಾಡಿದ. ನಾನು ಸಂತಿಗೆ ಹೋಗಿದ್ದೆ. ಅರ್ಧ ತಾಸಿನ ಆ ಕೆಲಸ ಇಡೀ ತಿಂಗಳಿನ ಎಂಡಿಯಾಗಿ ಕೂತಿತು. ಅಳಿಯನಿಗೆ ಏನು ಅನ್ನಲಾದೀತು? ಈಗ ಎರಡೂ ಸ್ವಿಚ್ಚಿನ ನಡುವೆ ಚೇಂಜ್‌ಓವರ್ ಹಾಕಿಸಿದ್ದೇನೆ, ಒಂದು ಎತ್ತಿದರೆ ಇನ್ನೊಂದು ತಾನೇ ಬೀಳುತ್ತದೆ.

ಇಲ್ಲಿಯವರೆಗೆ ಸುಖ. ಇನ್ನು ಟಿಒಡಿ.

ಹೊತ್ತಿಗೊಂದು ದರ ಅನ್ನುವ ಈ ಪದ್ಧತಿ ನನ್ನಂಥ ಸಣ್ಣ ಮೀಟರಿನವರಿಗೆ ಬೇಕಾದರೆ ತಗೋ ಅನ್ನುವಂಥದ್ದು. ನಾನು ತಗೊಂಡಾಗ ಇದ್ದ ಲೆಕ್ಕ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಯೂನಿಟ್‌ಗೆ 1 ರೂಪಾಯಿ ಕಡಿಮೆ, ಸಂಜೆ 6ರಿಂದ 10ರವರೆಗೆ 1 ರೂಪಾಯಿ ಹೆಚ್ಚು. ಊರೆಲ್ಲ ದೀಪ, ಟಿವಿ ಹಚ್ಚುವ ಹೊತ್ತಿಗೆ ಕರೆಂಟಿನ ಎಳೆತ ಹೆಚ್ಚು, ಆಗ ಕೈಗಾರಿಕೆಯವರು ಸುಮ್ಮನಿದ್ದು ರಾತ್ರಿ ಕೆಲಸ ಮಾಡಲಿ ಅನ್ನುವುದು ಇದರ ಹಿಂದಿನ ಲೆಕ್ಕಾಚಾರ. ತಪ್ಪೇನಿಲ್ಲ. 'ಬಿಲ್ಲು ಕಡಿಮೆ ಮಾಡಿಸಿಕೊಡ್ತೀವ್ರಿ' ಎಂದು ಟ್ಯಾಬ್ ಹಿಡಿದು ಬಂದಿದ್ದ ಸಲಹೆಗಾರನೊಬ್ಬ ಇದನ್ನೇ ಹೊಗಳಿ ಹೋಗಿದ್ದ. ಅವನು ಯಾವುದೋ ಫ್ಯಾಕ್ಟರಿ ಕಣ್ಣ ಮುಂದಿಟ್ಟುಕೊಂಡು ಮಾತಾಡಿದ್ದ ಎಂದು ಈಗ ಅನಿಸುತ್ತದೆ. ನಮ್ಮ ಗಿರಣಿಗೆ ಜನ ಯಾವಾಗ ಬರುತ್ತಾರೆ ಎಂದು ಅವನು ಕೇಳಲೇ ಇಲ್ಲ.

ಜನ ಬರುವುದು ಸಂಜೆ 6ಕ್ಕೆ. ಡ್ಯೂಟಿ ಮುಗಿಸಿದವರು, ಹೊಲದಿಂದ ಬಂದವರು, ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡ ಹುಡುಗರು. 8ಕ್ಕೆ ಪಾಳಿ ರಸ್ತೆಗೆ ಬಂದಿರುತ್ತದೆ. ಸರಿ, ಇವರಿಗೇ ಒಗ್ಗಿಸಿದರಾಯಿತು ಅಂದುಕೊಂಡೆ. 'ಸಂಜಿಕೆ ಡಬ್ಬಿ ಇಟ್ಟು ಹೋಗ್ರಿ, ಮುಂಜಾನೆ ಹಿಟ್ಟು ಒಯ್ರಿ, ಕಿಲೋಕ್ಕ ಒಂದು ರೂಪಾಯಿ ಬಿಡ್ತೀನಿ' ಎಂದು ಬಾಗಿಲಲ್ಲಿ ಬರೆದು ಹಾಕಿದೆ. ಯಾರೂ ಒಪ್ಪಲಿಲ್ಲ. ಬೆಟಗೇರಿಯ ಅಜ್ಜಿಯೊಬ್ಬರು ಡಬ್ಬಿಯನ್ನು ಕಂಕುಳಲ್ಲೇ ಹಿಡಿದು ನಿಂತು ಹೇಳಿದರು, 'ತಮ್ಮಾ, ನನ್ನ ಜ್ವಾಳ ನನ್ನ ಕಣ್ಣ ಮುಂದ ಹಿಟ್ಟಾಗಬೇಕು. ನೀ ಯಾರದರೆ ಕೂಡಿಸಿದ್ರ ನಂಗೇನ ಗೊತ್ತಾಗತೈತಿ?'

ಅಜ್ಜಿಯ ಮಾತಿನಲ್ಲಿ ಬರೀ ಸಂಶಯ ಇಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಹೊಸದಾಗಿ ಬೀಸಿದಾಗ ಇರುವ ಜಿಗಿ ದಿನ ಕಳೆದಂತೆ ಹೋಗುತ್ತದೆ, ಹಳೆ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಅದಕ್ಕೇ ನಮ್ಮ ಕಡೆ ಜೋಳವನ್ನು ತಿಂಗಳಿಗಾಗುವಷ್ಟು ಬೀಸಿಡುವುದಿಲ್ಲ, ನಾಕು ದಿನಕ್ಕೊಮ್ಮೆ ಮೂರು-ನಾಕು ಕಿಲೋ. ಬೀಳುವ ಹಿಟ್ಟಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಸಣ್ಣಗಾಯಿತೋ ಇಲ್ಲವೋ ನೋಡಿ, 'ಇನ್ನೊಂಚೂರು ಬಿಗಿ ಮಾಡ್ರಿ ಅಣ್ಣಾರ' ಅನ್ನುತ್ತಾರೆ. ಬಿಸಿ ಹಿಟ್ಟಿನ ಡಬ್ಬಿಗೆ ಒಡನೇ ಮುಚ್ಚಳ ಹಾಕದೆ ಹಾಗೇ ಒಯ್ಯುತ್ತಾರೆ. ಈ ಸಂಜೆಯನ್ನು ರಾತ್ರಿ 11ಕ್ಕೆ ಸಾಗಿಸು ಎಂದರೆ ಹೇಗೆ ಸಾಗಿಸುವುದು? ಆ ಹೊತ್ತಿನಲ್ಲಿ ಕಲ್ಲು ಚಾಲೂ ಮಾಡಿದರೆ ಓಣಿಯವರು ಬಡಿಗೆ ಹಿಡಿದು ಬರುತ್ತಾರೆ, ಬರಲೂಬೇಕು.

ಬೆಳಗಿನ ಜಾವದ ಅಗ್ಗದ ಹೊತ್ತನ್ನಾದರೂ ಬಳಸೋಣ ಎಂದು 4:30ಕ್ಕೆ ಎದ್ದು ಸಣ್ಣ ಮಷಿನ್ ಹಚ್ಚಿದೆ. ಕಿರಾಣಿ ಅಂಗಡಿಗಳ ಆರ್ಡರಿನ ಕಡ್ಲಿಹಿಟ್ಟು, ನುಚ್ಚು. ಪಂಚಮಿ ಮುಂದೆ ಉಂಡಿಗೆಂದು ಕಡ್ಲಿಹಿಟ್ಟಿನ ಬೇಡಿಕೆ ಏರಿದಾಗ ಅದು ಕೆಲಸಕ್ಕೆ ಬಂತು. ಆ ಒಂದೂವರೆ ತಾಸು ನನಗೆ ಇಷ್ಟವೂ ಆಯಿತು ಅನ್ನಿ, ಗಿರಾಕಿ ಇಲ್ಲ, ಫೋನ್ ಇಲ್ಲ, ರೇಡಿಯೋ ಸಣ್ಣಗೆ. ಆದರೆ ದುಡ್ಡಿನ ಲೆಕ್ಕ ಹಾಕಿ. 3 ಎಚ್‌ಪಿ ಮೋಟರ್ ಒಂದೂವರೆ ತಾಸಿಗೆ ತಿನ್ನುವುದು ನಾಕು ಯೂನಿಟ್‌ಗೂ ಕಡಿಮೆ, ಉಳಿದದ್ದು ನಾಕು ರೂಪಾಯಿಯ ಒಳಗೆ. ಸಂಜೆ ದೊಡ್ಡ ಕಲ್ಲು ತಾಸಿಗೆ ಹತ್ತಿರ ಹತ್ತಿರ 8 ಯೂನಿಟ್, ಮೂರು ತಾಸಿಗೆ 24 ಯೂನಿಟ್, 24 ರೂಪಾಯಿ ಹೆಚ್ಚು, ಜೊತೆಗೆ ಅದರ ಮೇಲೆ ತೆರಿಗೆ. ನಿದ್ದೆ ಕೆಡಿಸಿಕೊಂಡು ಉಳಿಸಿದ್ದರ ಆರು ಪಟ್ಟು ಸಂಜೆ ಕೊಟ್ಟೆ. ತಿಂಗಳಿಗೆ ಆರುನೂರರ ಸುಮಾರು ಹೋಗುತ್ತದೆ, ಬೀಸುವ ಕೂಲಿಯಲ್ಲಿ ಬದುಕುವವನಿಗೆ ಅದು ಸಣ್ಣದಲ್ಲ. ಬೀಸಾಣಿಕೆ ಏರಿಸೋಣವೆಂದರೆ ಮುಂದಿನ ಓಣಿಯಲ್ಲಿ ಇನ್ನೊಂದು ಗಿರಣಿ ಇದೆ.

ಯಾವ ಆಯ್ಕೆ ತಗೊಂಡರೂ ಬಿಡದ ಸಾಲುಗಳು ಬಿಲ್ಲಿನಲ್ಲಿ ಬೇರೆ ಇವೆ: ಇಂಧನ ಹೊಂದಾಣಿಕೆ, ಶೇ 9ರ ತೆರಿಗೆ, 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿಗೆಂದು ಸೇರಿದ ಶುಲ್ಕ (ಮೊದಲ ವರ್ಷ ಯೂನಿಟ್‌ಗೆ 36 ಪೈಸೆ ಇತ್ತು). 'ಕರೆಂಟ್ ಈಗ ಪುಕ್ಕಟ ಅಲ್ಲೇನ್ರಿ?' ಎಂದು ಡಬ್ಬಿ ಇಳಿಸುತ್ತ ಕೇಳುವವರು ಇನ್ನೂ ಇದ್ದಾರೆ. ಗೃಹಜ್ಯೋತಿ ಮನೆಗೆ ಅಕ್ಕಾರ, ಗಿರಣಿಗಲ್ಲ.

ಟಿಒಡಿಯೇ ಕೆಟ್ಟದ್ದು ಅನ್ನಲಾರೆ. ನಮ್ಮ ಪರಿಚಯದ ಬೇಕರಿಯೊಬ್ಬರ ಕರೆಂಟ್ ಓವನ್ ರಾತ್ರಿ 2ಕ್ಕೆ ಬಿಸಿಯಾಗಿ 6ರೊಳಗೆ ಬ್ರೆಡ್ಡು, ಪಾವು ಇಳಿಸಿ ಮುಗಿದಿರುತ್ತದೆ. ಬೇಕರಿ ತಯಾರಿಕೆಯೂ ಎಲ್‌ಟಿ-5ರಲ್ಲೇ ಬರುತ್ತದೆ, ಅವರಿಗೆ ಇದು ಹೇಳಿ ಮಾಡಿಸಿದ್ದು. ಐಸ್ ಫ್ಯಾಕ್ಟರಿಯವರೂ ರಾತ್ರಿ ಗಡ್ಡೆ ಕಟ್ಟಿಸಿ ಹಗಲು ಮಾರಬಹುದು. ಗಿರಾಕಿ ಮುಂದೆ ನಿಂತಾಗಲೇ ಕೆಲಸ ಆಗಬೇಕಾದ ನನ್ನಂಥ ಗಿರಣಿಯವರು ತಗೊಳ್ಳುವ ಮುನ್ನ ಒಂದು ವಾರ ಸಂಜೆ 6ಕ್ಕೂ 10ಕ್ಕೂ ಮೀಟರ್ ಬರೆದಿಡಿ, ಬೆಳಿಗ್ಗೆ 6ಕ್ಕೆ ಮತ್ತೊಮ್ಮೆ. ಸಂಜೆಯ ಅಂಕಿ ದೊಡ್ಡದಿದ್ದರೆ ಮುಟ್ಟಬೇಡಿ. ಖಾನಾವಳಿಯ ಮೀಟರ್ ಎಲ್‌ಟಿ-3, ವಾಣಿಜ್ಯ. ಅಲ್ಲಿ ಯೂನಿಟ್ ದರವೇ ನಮ್ಮದಕ್ಕಿಂತ ಹೆಚ್ಚು, ಆದರೆ ಡಿಮ್ಯಾಂಡ್ ಆಧಾರಿತ ಬಿಲ್ಲು ಅವರೂ ಕೇಳಬಹುದು.

ಡಿಮ್ಯಾಂಡ್ ಬಿಲ್ಲಿಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಆ ಶೇ 85ರ ನಿಯಮಕ್ಕೆ. ಕಲ್ಲು ಇಡೀ ತಿಂಗಳು ಸುಮ್ಮನಿದ್ದರೂ ಅದು ಬಿಡುವುದಿಲ್ಲ. ಟಿಒಡಿಗೆ, ನನ್ನ ಗಿರಣಿಯ ಮಟ್ಟಿಗೆ, ಒಂದೂವರೆ. ಬಿಡುವ ಅರ್ಜಿ ಬರೆದಿಟ್ಟಿದ್ದೇನೆ. ಕೊಡಲು ತುಸು ತಡೆದದ್ದು ಕೇಂದ್ರ ಸರ್ಕಾರ 2023ರಲ್ಲಿ ಮಾಡಿದ ನಿಯಮ ಓದಿ. ಬಿಸಿಲಿನ ಎಂಟು ತಾಸಿನ ದರ ಮಾಮೂಲಿಗಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು ಎಂದಿದೆ ಅದರಲ್ಲಿ. ಅದು ನಮ್ಮ ಬಿಲ್ಲಿಗೆ ಇಳಿದರೆ ಕಡ್ಲಿಹಿಟ್ಟು, ನುಚ್ಚು, ಆರ್ಡರಿನ ಖಾರ ಎಲ್ಲ ಊಟದ ನಂತರ ಗಿರಾಕಿ ಇಲ್ಲದ ಹೊತ್ತಿಗೆ ಹಾಕಬಹುದು, 4:30ಕ್ಕೆ ಏಳುವುದೂ ತಪ್ಪುತ್ತದೆ. ಆದರೆ ಅದೇ ನಿಯಮ ವ್ಯಾಪಾರ-ಕೈಗಾರಿಕೆಯವರಿಗೆ ಎಳೆತ ಹೆಚ್ಚಿರುವ ಹೊತ್ತಿನ ದರ ಕನಿಷ್ಠ 1.2 ಪಟ್ಟು ಇರಲಿ ಅಂತಲೂ ಹೇಳುತ್ತದೆ, ಮತ್ತು ಅಜ್ಜಿ ಡಬ್ಬಿ ತರುವುದು ಸಂಜೆಗೇ. ಮುಂದಿನ ದರದ ಆದೇಶ ಬಂದ ದಿನ ಕಿರ್ದಿಯ ಅಂಕಿ ಹಾಕಿ ನೋಡಿ ಅರ್ಜಿ ಕೊಡುವುದೋ ಹರಿಯುವುದೋ ತೀರ್ಮಾನ ಮಾಡುತ್ತೇನೆ.