ಸಿಮ್ಸ್ 4ಕ್ಕೆ ಹಳೇ ಕಾಲದ ಬಟ್ಟೆ ಮಾಡ್‌ಗಳು: ಗೌನು ಸಲೀಸು, ಸೀರೆ ಕಷ್ಟ

ಮೊದಲೇ ಹೇಳಿಬಿಡುತ್ತೇನೆ. ಮನೆ ಕಟ್ಟಿ ಪಾತ್ರಗಳ ಸಂಸಾರ ನಡೆಸುವ ಸಿಮ್ಸ್ 4 ಅನ್ನುವ ಕಂಪ್ಯೂಟರ್ ಆಟಕ್ಕೆ ವಿಕ್ಟೋರಿಯಾ ರಾಣಿ ಕಾಲದ ಗೌನು, ಕೋಟು, ಟೋಪಿ ಬೇಕಿದ್ದರೆ ಯೋಚನೆ ಮಾಡದೆ ಹಾಕಿಕೊಳ್ಳಿ. ಅಭಿಮಾನಿಗಳು ತಾವೇ ತುಂಬಾ ಚೆನ್ನಾಗಿ ಮಾಡಿ ಆಟಕ್ಕೆ ಸೇರಿಸುವ ಫೈಲುಗಳು, ಅಂದರೆ ಮಾಡ್‌ಗಳು ಪುಕ್ಕಟೆಯಾಗಿ ಸಿಗುತ್ತವೆ. ಆದರೆ ನನ್ನ ಹಾಗೆ ಹಳೇ ಮೈಸೂರಿನ ಒಂದು ಮನೆ ಕಟ್ಟಿ, ಸೀರೆ ಪಂಚೆ ಪೇಟದಲ್ಲಿ ಸಂಸಾರ ನಡೆಸಬೇಕು ಅಂತಿದ್ದರೆ ತಾಳ್ಮೆ ಜಾಸ್ತಿ ಬೇಕು. ಕೆಲವು ವರ್ಷಗಳಿಂದ ಇವನ್ನು ಹಾಕಿ, ತೆಗೆದು, ಮತ್ತೆ ಹಾಕಿ ಆಡುತ್ತಿದ್ದೇನೆ. ಸ್ಕ್ರೀನ್‌ಶಾಟ್ ನೋಡಿ ಬರೆದ ವಿಮರ್ಶೆ ಅಲ್ಲ ಇದು.

ನಾನು ಆಡುವುದು ಡೆಕೇಡ್ಸ್ ಚಾಲೆಂಜ್. ಅಭಿಮಾನಿಗಳೇ ಮಾಡಿಕೊಂಡ ನಿಯಮಗಳು ಅವು. 1890ರ ದಶಕದಿಂದ ಶುರು. ತಲೆಮಾರು ಕಳೆದ ಹಾಗೆ ಕಾಲವೂ ಮುಂದಕ್ಕೆ ಹೋಗುತ್ತದೆ. ಮನೆ, ಕೆಲಸ, ಬಟ್ಟೆ ಎಲ್ಲ ಆಯಾ ಕಾಲಕ್ಕೆ ಒಪ್ಪುವಂತಿರಬೇಕು. ನಾನು ಅದನ್ನು ನಮ್ಮೂರಿಗೆ ತಂದುಕೊಂಡಿದ್ದೇನೆ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋದಾಗ ನನ್ನ ಮನೆಯ ಯಜಮಾನ ಇನ್ನೂ ಹುಡುಗ. 1912ರಲ್ಲಿ ಈಗಿನ ಅರಮನೆ ಕಟ್ಟಿ ಮುಗಿಯುವಾಗ ಅವನಿಗೇ ಮಕ್ಕಳು. ನಾಲ್ವಡಿಯವರ ಕಾಲದ ಸರ್ಕಾರಿ ರೇಷ್ಮೆ ಕಾರ್ಖಾನೆ ಶುರುವಾದದ್ದೂ ಅದೇ 1912ರಲ್ಲಿ. ಹಾಗಾಗಿ ಅದಕ್ಕೆ ಮುಂಚೆ ಮನೆಯ ಹೆಣ್ಣುಮಕ್ಕಳಿಗೆ ಆ ಕಾರ್ಖಾನೆಯ ಮೈಸೂರು ಸಿಲ್ಕ್ ಇಲ್ಲ ಅಂತ ಕಟ್ಟುನಿಟ್ಟು ಮಾಡಿದ್ದೇನೆ. ಯಾರೂ ಕೇಳುವುದಿಲ್ಲ, ಗೊತ್ತು. ಆದರೂ.

ಯುರೋಪಿನ ಬಟ್ಟೆ ಮಾಡುವವರ ಶ್ರದ್ಧೆ ನೋಡಿದರೆ ಖುಷಿಯಾಗುತ್ತದೆ. ಅಲ್ಲಿ 1890ರ ದಶಕದಲ್ಲಿ ಹೆಂಗಸರ ತೋಳು ಭುಜದ ಹತ್ತಿರ ಊದುತ್ತಾ ಹೋಗಿ, 1895ರ ಹೊತ್ತಿಗೆ ವಿಪರೀತ ದೊಡ್ಡದಾಗಿ, ಆಮೇಲೆ ಇಳಿಯಿತು. ಒಳ್ಳೆ ಮಾಡ್‌ಗಳಲ್ಲಿ ಆ ಏರಿಳಿತವೂ ಸಿಗುತ್ತದೆ. 1880ರ ದಶಕದ, ಹಿಂಭಾಗ ಉಬ್ಬಿದ ಲಂಗ, 1910ರ ಸುಮಾರಿನ ಹೆಜ್ಜೆ ಹಾಕಲಾಗದಷ್ಟು ಬಿಗಿ ಲಂಗ, 1920ರ ದಶಕದ ಸೊಂಟ ಇಳಿದ ಗಿಡ್ಡ ಫ್ರಾಕು, ಎಲ್ಲ ಇವೆ.

ಈಗ ಸೀರೆಗೆ ಬರೋಣ. ಈ ಆಟದಲ್ಲಿ ಬಟ್ಟೆ ಬಟ್ಟೆಯ ಹಾಗೆ ಬೀಳುವುದಿಲ್ಲ. ಬಟ್ಟೆಯ ಪ್ರತಿ ಬಿಂದುವನ್ನೂ ಪಾತ್ರದ ಯಾವುದೋ ಮೂಳೆಗೆ ಕಟ್ಟಿರುತ್ತಾರೆ. ಮೂಳೆ ಎತ್ತ ಹೋದರೆ ಅತ್ತ ಬಟ್ಟೆ. ಶರಟು, ಪ್ಯಾಂಟಿಗೆ ಇದು ಸಾಕು. ಉದ್ದ ಲಂಗಕ್ಕೆ ತೊಂದರೆ. ಪಾತ್ರ ಕೂತಾಗ ಎರಡು ಕಾಲಿನ ನಡುವಿನ ಭಾಗ ಎಳೆದುಕೊಳ್ಳುತ್ತದೆ. ಗೌನಿಗೂ ಇದೇ ಗತಿ, ಆದರೆ ಅದು ಒಂದೇ ಬಣ್ಣ, ಅಗಲ ಲಂಗ, ಕಣ್ಣಿಗೆ ಬೀಳುವುದಿಲ್ಲ. ಸೀರೆಯಲ್ಲಿ ಜರಿ ಅಂಚು ಇರುತ್ತದಲ್ಲ, ಅದೇ ಎಲ್ಲ ಹೇಳಿಬಿಡುತ್ತದೆ. ಕೂತ ತಕ್ಷಣ ಅಂಚು ಸೊಟ್ಟಗಾಗಿ, ನೆರಿಗೆ ಮಂಡಿಯ ಹತ್ತಿರ ಮುರಿದುಕೊಳ್ಳುತ್ತವೆ. ಕೈ ಎತ್ತಿದರೆ ಮೊಣಕೈ ಸೆರಗಿನೊಳಗಿಂದ ಆಚೆ ಬರುತ್ತದೆ. ನಮ್ಮ ದೊಡ್ಡಮ್ಮ ಒಂದು ಸಲ ಪಕ್ಕದಲ್ಲಿ ಕೂತು ನೋಡಿ, "ಪಟ್ಟದ ಗೊಂಬೆಗೆ ಉಡಿಸಿದ ಹಾಗಿದೆ ಕಣೇ, ನಿಂತರೆ ಲಕ್ಷಣ, ಕೂರಿಸಬೇಡ" ಅಂದರು. ಅದಕ್ಕಿಂತ ಸರಿಯಾದ ವಿಮರ್ಶೆ ನನಗೂ ಬರೆಯಲು ಬರುವುದಿಲ್ಲ. ಇನ್ನೊಂದು ಮಾಡ್‌ನಲ್ಲಿ ಸೆರಗು ಬಲ ಭುಜದಿಂದ ಮುಂದಕ್ಕೆ ಬಿದ್ದಿತ್ತು. "ಇವರೇನು ಗುಜರಾತಿನವರಾ?" ಅಂತ ಕೇಳಿದರು. ಮಾಡ್‌ನ ಹೆಸರಲ್ಲಿ ಬರೀ ಇಂಡಿಯನ್ ಅಂತಿತ್ತು.

ನನಗೆ ಸಿಕ್ಕ ಸೀರೆ ಮಾಡ್‌ಗಳಲ್ಲಿ ಹೆಚ್ಚಿನವು ಈಗಿನ ಮದುವೆ ಮನೆಯ ಸೀರೆಗಳು. ಬೆನ್ನು ತೆರೆದ ರವಿಕೆ, ಮೈತುಂಬ ಕಲ್ಲು. ನೂರು ವರ್ಷ ಹಿಂದಿನ ರೂಪ ಬೇಕಿದ್ದರೆ ಜಗನ್ಮೋಹನ ಅರಮನೆಗೆ ಹೋಗಿ ರವಿವರ್ಮರ 1889ರ ಸಂಗೀತಗಾರ್ತಿಯರ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಹನ್ನೊಂದು ಹೆಂಗಸರು, ಬೇರೆ ಬೇರೆ ಸೀಮೆಯ ಉಡುಗೆ. ಸೀರೆ ಒಂದೇ ಥರ ಇರಲಿಲ್ಲ ಅನ್ನುವುದು ಅಲ್ಲೇ ಕಾಣುತ್ತದೆ.

ಇಷ್ಟು ಕಾಲ ಆಡಿದ ಮೇಲೆ ನನಗೆ ಹೊಳೆದ ಒಂದು ವಿಷಯ ಇದೆ. ಈ ಆಟಕ್ಕೆ ನಿಜವಾಗಿ ಹೊಂದುವುದು ಕಚ್ಚೆ. ಗಂಡಸರ ಬಟ್ಟೆಯಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಡ್ಡ ಪಂಚೆ ಉಟ್ಟ ಪಾತ್ರ ಮೆಟ್ಟಿಲು ಹತ್ತಿದರೆ ನೋಡಲಾಗುವುದಿಲ್ಲ. ಕಚ್ಚೆ ಪಂಚೆ ಉಟ್ಟವನು ಆರಾಮಾಗಿ ಹತ್ತುತ್ತಾನೆ, ಕೂರುತ್ತಾನೆ, ತೋಟದ ಕೆಲಸ ಮಾಡುತ್ತಾನೆ. ಎರಡು ಕಾಲಿಗೂ ಬಟ್ಟೆ ಬೇರೆ ಬೇರೆ ಇರುವುದರಿಂದ ಎಳೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಕಚ್ಚೆ ಸೀರೆಯೂ ಹಾಗೇ ಕೂರಬೇಕು, ಅಲ್ವಾ? ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಉಡುವವರಿದ್ದಾರೆ, ನಮ್ಮ ಕಡೆಯೂ ಕೆಲವು ಮನೆಗಳ ಹಿರಿಯರು ಉಡುತ್ತಿದ್ದರು. ಚರಿತ್ರೆಗೂ ಸರಿ, ಆಟದ ಮೂಳೆಗಳಿಗೂ ಸರಿ. ನಾನು ಹುಡುಕಿದ ಕಡೆಯೆಲ್ಲ ಅದೊಂದೇ ಸಿಕ್ಕಿಲ್ಲ.

ಪೇಟದ ಕಥೆ ಚಿಕ್ಕದು. ನನಗೆ ಸಿಕ್ಕಿದ್ದು ಬಾಲ ಇಳಿಬಿಟ್ಟ ಉತ್ತರದ ಮದುವೆ ಪೇಟಗಳು. ವಿಶ್ವೇಶ್ವರಯ್ಯನವರ ಫೋಟೋದಲ್ಲಿ ಕಾಣುವ ಮೈಸೂರು ಪೇಟ ಇಲ್ಲ. ಆದರೆ ಉದ್ದ ಕೋಟು ಬೇಕಾದಷ್ಟಿದೆ. ಯುರೋಪಿನ ಕೋಟಿಗೆ ಕಚ್ಚೆ ಪಂಚೆ ಸೇರಿಸಿದರೆ ಆ ಕಾಲದ ಗುಮಾಸ್ತರು ಸೊಗಸಾಗಿ ಬರುತ್ತಾರೆ. ಮೊಗ್ಗಿನ ಜಡೆ ಕೇಳಲೇಬೇಡಿ. ಮಂಡ್ಯದ ಗೆಳತಿಯೊಬ್ಬಳು ದರಿಯಾ ದೌಲತ್ ಗೋಡೆಯ ಮೇಲಿರುವಂಥ ಸಿಪಾಯಿಗಳ ಬಟ್ಟೆ ಕೇಳಿದ್ದಳು. ಕೆಂಪು ಕೋಟಿನ ಇಂಗ್ಲಿಷ್ ಕಡೆಯವರು ಸಿಕ್ಕರು, ಟಿಪ್ಪು ಕಡೆಯವರು ಸಿಗಲಿಲ್ಲ.

ಕೊಳ್ಳುವ ಮುಂಚೆ ಅಂತ ಹೇಳುವ ಹಾಗಿಲ್ಲ, ಇಳಿಸಿಕೊಳ್ಳುವ ಮುಂಚೆ ಗಮನಿಸಿ. ಮೂಲ ಆಟ 2022ರ ಅಕ್ಟೋಬರ್‌ನಿಂದ ಪುಕ್ಕಟೆ. ಕಂಪ್ಯೂಟರ್ ಬೇಕೇ ಬೇಕು, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಮಾಡ್ ನಡೆಯುವುದಿಲ್ಲ. ಮೂಲ ಆಟಕ್ಕೇ ಹೊಂದುತ್ತದೆ ಅಂತ ಬರೆದಿದೆಯಾ ನೋಡಿ, ಇಲ್ಲದಿದ್ದರೆ ದುಡ್ಡು ಕೊಟ್ಟು ತಗೊಳ್ಳಬೇಕಾದ ಪ್ಯಾಕ್ ಕೇಳಬಹುದು. ಬಟ್ಟೆ ಬರುವುದು ಪ್ಯಾಕೇಜ್ ಫೈಲಿನಲ್ಲಿ. ಬರೀ ಬಟ್ಟೆಯ ಜೊತೆ ಸ್ಕ್ರಿಪ್ಟ್ ಫೈಲ್ (ಕೋಡ್ ಓಡಿಸುವಂಥದ್ದು) ಇದ್ದರೆ ಮುಟ್ಟಬೇಡಿ. 2024ರಲ್ಲಿ ಕೆಲವು ಸ್ಕ್ರಿಪ್ಟ್ ಮಾಡ್‌ಗಳಲ್ಲಿ ವೈರಸ್ ಸಿಕ್ಕಿತ್ತು.

ದಿನ ಕಳೆದಂತೆ ತಲೆ ತಿನ್ನುವುದು ಅಪ್‌ಡೇಟ್. ಪ್ರತಿ ಅಪ್‌ಡೇಟ್ ಆದಾಗಲೂ ಆಟ ತಾನೇ ಮಾಡ್‌ಗಳನ್ನು ಆಫ್ ಮಾಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಆನ್ ಮಾಡಿ, ಆಟ ಮುಚ್ಚಿ ತೆರೆಯಬೇಕು. ಯಾವುದೋ ಬಟ್ಟೆ ಕೆಟ್ಟಿದ್ದರೆ ಅರ್ಧ ಫೈಲ್ ಹೊರಗಿಟ್ಟು ನೋಡಿ, ಆಮೇಲೆ ಉಳಿದದ್ದರಲ್ಲಿ ಅರ್ಧ, ಹೀಗೆ ಕಳ್ಳನನ್ನು ಹಿಡಿಯಬೇಕು. ಫೈಲುಗಳನ್ನೆಲ್ಲ ಒಂದಕ್ಕೆ ಸೇರಿಸಿದರೆ ಆಟ ಬೇಗ ತೆರೆಯುತ್ತದೆ, ಆದರೆ ಒಂದು ರವಿಕೆ ಕೆಟ್ಟರೂ ಪೂರ್ತಿ ಗಂಟು ತೆಗೆಯಬೇಕು. ನಾನು ದಶಕಕ್ಕೊಂದು ಫೋಲ್ಡರ್ ಮಾಡಿ ಬಿಡಿಯಾಗೇ ಇಟ್ಟಿದ್ದೇನೆ. ಒಂದೊಂದು ಕೂದಲೂ ಕಾಣುವಂಥ ಭಾರದ ಮಾಡ್‌ಗಳನ್ನು ಒಂದೊಂದಾಗಿ ತೆಗೆದುಹಾಕಿದೆ. ಹಬ್ಬಕ್ಕೆ ಮನೆತುಂಬ ಜನ ಸೇರಿಸಿದರೆ ನನ್ನ ಹಳೇ ಲ್ಯಾಪ್‌ಟಾಪ್ ಉಸಿರುಗಟ್ಟುತ್ತಿತ್ತು. ಆಟದ ಸ್ವಂತ ಬಟ್ಟೆಯ ಶೈಲಿಯಲ್ಲೇ ಮಾಡಿದ ಸಾದಾ ಮಾಡ್‌ಗಳು ಮಾತ್ರ ಉಳಿದಿವೆ.

ಸೀರೆಗೆ ನಾನು ಕಂಡುಕೊಂಡ ದಾರಿ: ಪೂರ್ತಿ ಉಡುಪಾಗಿ ಬರುವ ಸೀರೆ ಬಿಡಿ, ಸೆರಗನ್ನು ಒಡವೆಯ ಜಾಗದಲ್ಲಿ ಬೇರೆಯಾಗಿ ಕೊಡುವ ಮಾಡ್ ಹುಡುಕಿ. ಆಗ ಅದರೊಳಗೆ ಉದ್ದ ತೋಳಿನ, ಲೇಸ್ ಅಂಚಿನ ಹಳೇ ಯುರೋಪಿನ ಮೇಲಂಗಿ ಹಾಕಬಹುದು. ಆ ಕಾಲದಲ್ಲಿ ನಮ್ಮ ದೊಡ್ಡ ಮನೆಗಳ ಹೆಂಗಸರು ಅಂಥದ್ದೇ ರವಿಕೆ ಹಾಕುತ್ತಿದ್ದರು. ಬಣ್ಣಕ್ಕೆ ಸಿಮ್ಸ್ 4 ಸ್ಟುಡಿಯೋ ಅನ್ನುವ, ಮಾಡ್ ತಿದ್ದುವ ತಂತ್ರಾಂಶ ಸಾಕು. ಸೀರೆಯ ಮೇಲಿನ ಚಿತ್ರ ಹೊರತೆಗೆದು, ಕಲ್ಲುಗಳನ್ನೆಲ್ಲ ಅಳಿಸಿ, ಮೈಗೆ ಒಂದೇ ಬಣ್ಣ, ಸಣ್ಣ ಜರಿ ಅಂಚು ಬರೆದು ವಾಪಸ್ ಹಾಕಿದರೆ ಮೈಸೂರು ಸಿಲ್ಕ್ ಸಿದ್ಧ. ಹಂಚುವ ಮುಂಚೆ ಮೂಲ ಮಾಡಿದವರ ಷರತ್ತು ಓದಿ.

ಯುರೋಪಿನ ಬಟ್ಟೆಗೆ ಐದರಲ್ಲಿ ನಾಲ್ಕೂವರೆ, ನಮ್ಮ ಬಟ್ಟೆಗೆ ಎರಡು. ಕಚ್ಚೆ ಪಂಚೆಗೆ ಇನ್ನೊಂದು ಅರ್ಧ ಸೇರಿಸಿಕೊಳ್ಳಿ. 3ಡಿ ಆಕಾರ ಮಾಡುವ ಬ್ಲೆಂಡರ್ ತಂತ್ರಾಂಶ ಬಲ್ಲವರು ಯಾರಾದರೂ ಕಚ್ಚೆ ಸೀರೆ ಮಾಡಲು ಮನಸ್ಸು ಮಾಡಿದರೆ ಹೇಳಿ, ಬಣ್ಣ ಮತ್ತು ಅಂಚಿನ ಕೆಲಸ ನಾನು ಮಾಡಿಕೊಡುತ್ತೇನೆ.