ಶೇಕ್‌ಡೌನ್ ಸ್ಟ್ರೀಟ್‌ನ ಎರಡು ಟೀಶರ್ಟು, ಒಂದು ಬಿಳಿ ಪಂಚೆ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್‌ನ ಹಾಡುಗಳ ಶೋಗೆ ಹೋದಾಗ ಪಾರ್ಕಿಂಗ್ ಲಾಟ್‌ನಲ್ಲಿ ಒಂದೇ ಒಂದು ಸಾಮಾನು ಕೊಳ್ಳುವಷ್ಟು ದುಡ್ಡಿದ್ದರೆ ಟೈ-ಡೈ, ಅಂದರೆ ಮಡಿಚಿ ಕಟ್ಟಿ ಬಣ್ಣ ಹಾಕಿದ, ಟೀಶರ್ಟನ್ನೇ ತಗೊಳ್ಳಿ, ಅದೂ ತಾವೇ ಕೂತು ಬಣ್ಣ ಹಾಕಿದವರ ಕೈಯಿಂದ. ಪಿನ್ನು, ಪೋಸ್ಟರು, ಕೈಗೆ ಕಟ್ಟುವ ದಾರ ಎಲ್ಲ ಆಮೇಲೆ. ಇದು ನನಗೆ ಗೊತ್ತಾಗಿದ್ದು ಒಂದು ಒಳ್ಳೇ ಪಂಚೆ ಹಾಳಾದ ಮೇಲೆ.

ಈ ಲಾಟ್ ಸಂತೆಗೆ ಶೇಕ್‌ಡೌನ್ ಸ್ಟ್ರೀಟ್ ಅಂತ ಹೆಸರು. ಡೆಡ್‌ನವರ 1978ರ ಆಲ್ಬಮ್ಮಿನ ಹೆಸರನ್ನೇ ಅಭಿಮಾನಿಗಳು ಇಟ್ಟುಕೊಂಡಿದ್ದಾರೆ. ಊರಿಂದೂರಿಗೆ ಬ್ಯಾಂಡಿನ ಹಿಂದೆ ಹೋಗುತ್ತಿದ್ದವರು ಮುಂದಿನ ಟಿಕೆಟ್ಟಿಗೂ ಪೆಟ್ರೋಲಿಗೂ ದುಡ್ಡು ಹುಟ್ಟಿಸಿಕೊಳ್ಳಲು ತಾವು ಮಾಡಿದ್ದನ್ನು ಕಾರಿನ ಡಿಕ್ಕಿ ತೆಗೆದು ಮಾರುತ್ತಿದ್ದರು. ಬ್ಯಾಂಡಿನ ಗಿಟಾರ್ ವಾದಕ, ಹಾಡುಗಾರ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಂಡರೂ ಸಂತೆ ನಿಲ್ಲಲಿಲ್ಲ. ಉಳಿದವರಲ್ಲಿ ಕೆಲವರು 2015ರಲ್ಲಿ ಡೆಡ್ ಆ್ಯಂಡ್ ಕಂಪನಿ ಕಟ್ಟಿದಾಗ ಅದರ ಜೊತೆಗೂ ಬಂತು. ನಮ್ಮ ಕಡೆ ತೇರಿನ ಬೀದಿಯಲ್ಲಿ ಅಂಗಡಿ ಸಾಲು ಬೀಳುತ್ತಲ್ಲ, ಹಾಗೇ. ಬೆಂಡು ಬತ್ತಾಸಿನ ಜಾಗದಲ್ಲಿ ಕಾವಲಿ ಮೇಲೆ ಚೀಸ್ ಸ್ಯಾಂಡ್‌ವಿಚ್ಚು ಬೇಯುತ್ತಿರುತ್ತೆ.

2019ರ ಮೇ 31, ಶುಕ್ರವಾರ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಶೋರ್‌ಲೈನ್ ಆಂಫಿಥಿಯೇಟರ್‌ನಲ್ಲಿ ಎರಡು ದಿನದ ಶೋ, ನನಗೆ ಎರಡೂ ದಿನಕ್ಕೆ ಟಿಕೆಟ್ಟಿತ್ತು. ಮುಗಿಸಿ ಹೊರಗೆ ಬಂದಾಗ ತೋಳಿನ ಮೇಲೆ ಹತ್ತು ಹದಿನೈದು ಟೀಶರ್ಟು ಹಾಕಿಕೊಂಡು ಒಬ್ಬ ಓಡಾಡುತ್ತಿದ್ದ. ಇಪ್ಪತ್ತು ಡಾಲರ್. ನೇರಳೆ, ಕೆಂಪು, ನಡುವೆ ಹಳದಿ ಸುರುಳಿ. ಆ ದೀಪದ ಬೆಳಕಲ್ಲಿ ಕಣ್ಣಿಗೆ ಹಬ್ಬವಾಗಿ ಕಂಡಿತು. ಕೇಳದೆ, ಮುಟ್ಟದೆ ತಗೊಂಡೆ.

ಶನಿವಾರ ಬೆಳಿಗ್ಗೆ ಮಷೀನಿಗೆ ಬಟ್ಟೆ ಹಾಕಿದೆ. ಭಾನುವಾರ ಫ್ರೀಮಾಂಟಿನಲ್ಲಿ ಗೆಳೆಯನ ಗೃಹಪ್ರವೇಶ, ಅದಕ್ಕೆ ಉಡಬೇಕಿದ್ದ ಪಂಚೆಯೂ ಅದರಲ್ಲೇ ಇತ್ತು. ನನ್ನ ಮದುವೆಗೆ ಅಪ್ಪ ಕೊಡಿಸಿದ್ದ, ಸಣ್ಣ ಜರಿ ಅಂಚಿನ ಹತ್ತಿ ಪಂಚೆ. ಹೊರಗೆ ತೆಗೆದರೆ ಬೀಟ್‌ರೂಟ್ ಬೇಯಿಸಿದ ನೀರಲ್ಲಿ ಅದ್ದಿದ ಹಾಗಿತ್ತು. ಒಂದೇ ಸಮ ಬಣ್ಣ ಹತ್ತಿದ್ದರೂ ಹೋಗಲಿ ಅನ್ನಬಹುದಿತ್ತು. ಮಡಿಕೆ ಇದ್ದಲ್ಲೆಲ್ಲ ಗಾಢವಾಗಿ, ಉಳಿದ ಕಡೆ ತೇಪೆ ತೇಪೆಯಾಗಿ ಕೂತಿತ್ತು. ಬಿಸಿನೀರಲ್ಲಿ ಎರಡು ಸಲ ಒಗೆದೆ. ಹೋಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ.

"ಹೊಸ ಬಟ್ಟೇನ ಯಾರಾದ್ರೂ ಬಿಳೀದ್ರ ಜೊತೆ ಹಾಕ್ತಾರೇನೋ? ಮೊದ್ಲು ಉಪ್ಪುನೀರಲ್ಲಿ ನೆನೆಹಾಕ್ಬಾರ್ದಿತ್ತಾ?" ಅಂದರು. ಅಪ್ಪನಿಗೆ ಹೇಳಬೇಡ ಅಂತ ಕೇಳಿಕೊಂಡೆ.

ಆ ಸಂಜೆ ಶೋಗೆ ಎರಡು ಗಂಟೆ ಮುಂಚೆಯೇ ಲಾಟ್‌ಗೆ ಹೋದೆ. ಹಿಂದಿನ ರಾತ್ರಿಯವನು ಸಿಗಲಿಲ್ಲ. ಒಂದು ವ್ಯಾನಿನ ಪಕ್ಕ ಹಗ್ಗ ಕಟ್ಟಿ ಟೀಶರ್ಟು ನೇತುಹಾಕಿಕೊಂಡು ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಅವರ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಇತ್ತು. ನಲವತ್ತೈದು ಡಾಲರ್ ಅಂದರು. ಬಣ್ಣ ಬಿಡುತ್ತಾ ಅಂತ ಕೇಳಿದ್ದಕ್ಕೆ ಬಾಯಲ್ಲಿ ಉತ್ತರ ಹೇಳಲಿಲ್ಲ. ಬಿಳಿ ಬಟ್ಟೆಯ ಚೂರೊಂದನ್ನು ಕುಡಿಯುವ ನೀರಿನ ಬಾಟಲಿಯಿಂದ ಒದ್ದೆ ಮಾಡಿ, ಟೀಶರ್ಟಿನ ಕತ್ತಿನ ಪಟ್ಟಿ ಮೇಲೆ ಗಟ್ಟಿಯಾಗಿ ಹತ್ತು ಸಲ ಉಜ್ಜಿ ನನ್ನ ಕೈಗೆ ಕೊಟ್ಟರು. ಬಿಳಿಯಾಗೇ ಇತ್ತು.

ಪಂಚೆಯ ಕತೆ ಹೇಳಿದೆ. ಅವರು ವಿವರಿಸಿದ್ದು ಇಷ್ಟು. ಹತ್ತಿ ಟೀಶರ್ಟನ್ನು ಮೊದಲು ಸೋಡಾ ಆ್ಯಶ್ ನೀರಲ್ಲಿ ನೆನೆಸಬೇಕು. ನಮ್ಮ ಅಂಗಡಿಯ ವಾಷಿಂಗ್ ಸೋಡಾ ಅಂದುಕೊಳ್ಳಿ, ವಸ್ತು ಅದೇ. ಆಮೇಲೆ ಮಡಿಚಿ, ಕಟ್ಟಿ, ಪ್ರೋಸಿಯಾನ್ ಜಾತಿಯ ಬಣ್ಣ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಇಡೀ ದಿನ ಇಡಬೇಕು. ಸೋಡಾದ ಕ್ಷಾರದಲ್ಲಿ ಆ ಬಣ್ಣ ಹತ್ತಿಯ ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಬೆಸೆಯದೆ ಉಳಿದದ್ದನ್ನು ತಣ್ಣೀರಲ್ಲಿ ಜಾಲಿಸಿ, ಬಿಸಿನೀರಲ್ಲಿ ಒಗೆದು, ನೀರು ತಿಳಿಯಾಗುವ ತನಕ ತೆಗೆಯಬೇಕು. ಇಡೀ ಕೆಲಸದಲ್ಲಿ ಬೇಸರ ಹಿಡಿಸುವುದು ಈ ಜಾಲಿಸುವುದೇ, ಅವಸರದವರು ಬಿಡುವುದೂ ಇದನ್ನೇ. ಆದರೆ ಬೆಸೆಯದೆ ಉಳಿದ ಪ್ರೋಸಿಯಾನ್ ಆಗಿದ್ದರೆ ಪಂಚೆಯಿಂದ ಬಿಸಿನೀರಿಗೆ ಬಹುಪಾಲು ಹೋಗಿರಬೇಕಿತ್ತು. ಹೋಗಿಲ್ಲ ಅಂದರೆ ಎಲ್ಲ ಬಟ್ಟೆಗೂ ಆಗುತ್ತೆ ಅಂತ ಮಾರುವ ಡಬ್ಬಿ ಬಣ್ಣ ಇರಬೇಕು, ಅದು ಒಗೆದಾಗೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತೆ ಅಂದರು.

ಅಮ್ಮನ ಉಪ್ಪಿನ ವಿಷಯವನ್ನೂ ಕೇಳಿದೆ. ಬಣ್ಣ ಹಾಕುವ ಹೊತ್ತಿನಲ್ಲಿ ತೊಟ್ಟಿಗೆ ಉಪ್ಪು ಹಾಕಿದರೆ ಬಣ್ಣ ನಾರಿನ ಕಡೆ ಸರಿಯುತ್ತದೆ, ಹಾಕಿ ಮುಗಿದ ಮೇಲೆ ಉಪ್ಪಿನಿಂದ ಬಣ್ಣ ನಿಲ್ಲುವುದಿಲ್ಲವಂತೆ. ಅಮ್ಮ ಇದನ್ನು ಇವತ್ತಿಗೂ ಒಪ್ಪಿಲ್ಲ. ಆದರೆ ಹೊಸ ಬಟ್ಟೆಯನ್ನು ಬೇರೆಯಾಗಿ ನೆನೆಹಾಕಿ ನೋಡು ಅನ್ನುವ ಅವರ ಮಾತು ಕೇಳಿದ್ದರೆ ಪಂಚೆ ಉಳಿಯುತ್ತಿತ್ತು.

ಆ ಹೆಂಗಸಿನ ಹತ್ತಿರ ಕೊಂಡ ಟೀಶರ್ಟನ್ನೂ ಶುಕ್ರವಾರದ್ದನ್ನೂ ಪಕ್ಕ ಪಕ್ಕ ಹರಡಿ ನೋಡಿದಾಗ ಇನ್ನೂ ಕೆಲವು ವ್ಯತ್ಯಾಸ ಕಂಡವು. ಶುಕ್ರವಾರದ್ದು ಬರೀ ಸುರುಳಿ. ಟೀಶರ್ಟಿನ ನಡುವೆ ಚಿವುಟಿ ಹಿಡಿದು ತಿರುಗಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಆಗುತ್ತದೆ. ಶನಿವಾರದ್ದು ಮಂಡಲ. ಕಾಗದ ಮಡಿಚಿದ ಹಾಗೆ ಪದರ ಪದರವಾಗಿ ಮಡಿಚಿ, ಮೇಣ ಸವರಿದ ನೈಲಾನ್ ದಾರದಿಂದ ಬಿಗಿದು ಕಟ್ಟಿದ್ದು. ದಾರ ಇದ್ದ ಕಡೆಯೆಲ್ಲ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ ಉಳಿದಿದೆ, ಎಡಗಡೆ ಇದ್ದದ್ದೇ ಬಲಗಡೆಯೂ ಇದೆ. ಒಳಮೈ ತಿರುಗಿಸಿದರೂ ಬಣ್ಣ ಹೊರಗಿನಷ್ಟೇ ಗಾಢ. ಅಂಚಿನ ಹೊಲಿಗೆ ದಾರ ಮಾತ್ರ ಬೆಳ್ಳಗಿದೆ. ಅದು ಪಾಲಿಯೆಸ್ಟರ್, ಹತ್ತಿಯ ಬಣ್ಣ ಅದಕ್ಕೆ ಹತ್ತುವುದಿಲ್ಲ. ನನಗೆ ಆ ಬಿಳಿ ಹೊಲಿಗೆ ಬಹಳ ಇಷ್ಟ, ಈಗ ಎಲ್ಲಿ ಟೈ-ಡೈ ಕಂಡರೂ ಮೊದಲು ಅಂಚು ತಿರುಗಿಸಿ ನೋಡುತ್ತೇನೆ. ಒಳಮೈ ಪೂರ್ತಿ ಬಿಳಿಚಿಕೊಂಡಿದ್ದರೆ ಅದು ಟೈ-ಡೈ ಅಲ್ಲ, ಟೈ-ಡೈ ಚಿತ್ರದ ಅಚ್ಚು. ಲಾಟ್‌ನಲ್ಲಿ ಅವೂ ಇರುತ್ತವೆ.

ಸ್ಕ್ರೀನ್ ಪ್ರಿಂಟ್ ಟೀಶರ್ಟು ಎರಡನೇ ಸ್ಥಾನಕ್ಕೆ. ಮೂವತ್ತು ಡಾಲರಿಗೆ ತಲೆಬುರುಡೆ ಮಿಂಚಿನ ಚಿತ್ರದ್ದೊಂದು ಇಟ್ಟುಕೊಂಡಿದ್ದೇನೆ. ಬ್ಯಾಂಡಿನ ಆ ಗುರುತನ್ನು ಅವರ ಸೌಂಡ್ ಎಂಜಿನಿಯರ್ ಆವ್ಸ್‌ಲಿ ಸ್ಟ್ಯಾನ್ಲಿ ಮತ್ತು ಕಲಾವಿದ ಬಾಬ್ ಥಾಮಸ್ ಮಾಡಿದ್ದು ಬ್ಯಾಂಡಿನ ಸಾಮಾನಿನ ಪೆಟ್ಟಿಗೆಗಳು ಬೇರೆಯವರದ್ದರ ಜೊತೆ ಕಲೆಯದಿರಲಿ ಅಂತ. ಮಿಂಚಿಗೆ ಹದಿಮೂರು ಮೂಲೆ ಇರಬೇಕು, ಎಣಿಸಿ ನೋಡಿ. ಗಣಪತಿಯನ್ನು ಸೇರಿಸಿ ಬರೆದ ಟೀಶರ್ಟುಗಳೂ ಕಣ್ಣಿಗೆ ಬೀಳುತ್ತವೆ, ಕೆಲವು ನಿಜಕ್ಕೂ ಚೆಂದ. ಬೆವರುವ ಮೈ ಮೇಲೆ ಗಣಪತಿಯನ್ನು ಹಾಕಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಎನಾಮಲ್ ಪಿನ್ನು ಹದಿನೈದು ಇಪ್ಪತ್ತು ಡಾಲರ್. ಚಿತ್ರ ಅಭಿಮಾನಿಯದ್ದು, ತಯಾರಿ ಸಾಮಾನ್ಯವಾಗಿ ಕಾರ್ಖಾನೆಯದ್ದು. ಹಿಂದೆ ಎರಡು ಮೊಳೆ ಇರುವುದನ್ನೇ ತಗೊಳ್ಳಿ. ಒಂದೇ ಮೊಳೆಯದ್ದು ತಿರುಗಿ ತಿರುಗಿ ಕೊನೆಗೆ ಹುಲ್ಲಿನಲ್ಲಿ ಬಿದ್ದುಹೋಗುತ್ತದೆ.

ಪೋಸ್ಟರು ಬೇಕಾದರೆ ಶೋ ಮುಗಿದ ಮೇಲೆ ಕೊಳ್ಳಿ. ಸೆಣಬಿನ ದಾರದ ಕೈಬಳೆ ನೆನೆದರೆ ಕೆರೆತ. ಸ್ಟಿಕ್ಕರು ಮಕ್ಕಳಿಗೆ.

ನಾನು ಒಂದು ಶೋಗೆ ಅರವತ್ತು ಡಾಲರಿಗಿಂತ ಹೆಚ್ಚು ಲಾಟ್‌ನಲ್ಲಿ ಖರ್ಚು ಮಾಡುವುದಿಲ್ಲ. ಅಪಾರ್ಟ್‌ಮೆಂಟಿನ ಕಾಯಿನ್ ಮಷೀನಿನಲ್ಲಿ ವಾರದ ಬಟ್ಟೆಯೆಲ್ಲ ಒಟ್ಟಿಗೆ ಹಾಕುವವನು ನಾನು, ಬೇರೆ ಬೇರೆ ಒಗೆಯುವಷ್ಟು ಪುರಸೊತ್ತಿಲ್ಲ. ನನ್ನಂಥವರಿಗೆ ನಲವತ್ತೈದರ ಟೀಶರ್ಟೇ ಕಡಿಮೆ ಬೆಲೆಯದ್ದು. ಕೈಯಲ್ಲೇ ಒಗೆಯುವವರು, ವರ್ಷಕ್ಕೊಮ್ಮೆ ಹಾಕುವವರು ಇಪ್ಪತ್ತರದ್ದನ್ನೂ ನೋಡಬಹುದು.

ಆ ಮಂಡಲ ವಾರಕ್ಕೊಂದು ಸಲವಾದರೂ ಮೈ ಮೇಲೆ ಬರುತ್ತದೆ. ಕತ್ತಿನ ಪಟ್ಟಿ ಸವೆದಿದೆ, ನೀಲಿ ಹಾಗೇ ಇದೆ. 2025ರ ಆಗಸ್ಟಿನಲ್ಲಿ ಗ್ರೇಟ್‌ಫುಲ್ ಡೆಡ್‌ನ ಅರವತ್ತನೇ ವರ್ಷಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಮೂರು ದಿನ ಶೋ ಆಯಿತಲ್ಲ, ಅದಕ್ಕೂ ಅದನ್ನೇ ಹಾಕಿಕೊಂಡು ಹೋಗಿದ್ದೆ, ಮಗಳನ್ನೂ ಕರೆದುಕೊಂಡು. ದಾರಿಯಲ್ಲಿ ಕಂಬಳಿ ಹಾಸಿ ಕೂತಿದ್ದ ಹುಡುಗಿಯ ಹತ್ತಿರ ಮಗಳ ಅಳತೆಯ ಟೀಶರ್ಟೊಂದಿತ್ತು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು, ಬಾಟಲಿಯ ನೀರು ಹಾಕಿ ಕತ್ತಿನ ಪಟ್ಟಿ ಉಜ್ಜಿದೆ. "ಏನಪ್ಪಾ ಮಾಡ್ತಿದ್ದೀಯ?" ಅಂದಳು ಮಗಳು. ಕರವಸ್ತ್ರವನ್ನು ಅವಳ ಕೈಗೆ ಕೊಟ್ಟೆ. ಬಿಚ್ಚಿ, ಎರಡೂ ಕಡೆ ತಿರುಗಿಸಿ ನೋಡಿ, "ಏನೂ ಇಲ್ಲ" ಅಂದಳು. ದುಡ್ಡು ಕೊಟ್ಟೆ.