ಸಾಗರ ಪೇಟೆಯ ಸ್ಟುಡಿಯೋ: ಫೋಟೋ ಮಾವ ಜೋಪಾನ ಮಾಡಿದ ಮುಖಗಳು

ಹಳೆಯ ಫೋಟೋದಿಂದ ಹೊಸ ಪ್ರಿಂಟ್ ಮಾಡಿಸುವುದಿದ್ದರೆ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಈ ಪುಟ್ಟ ಸ್ಟುಡಿಯೋಗೇ ಹೋಗಿ. ಅದನ್ನು ನಡೆಸುತ್ತಿದ್ದವರ ಹೆಸರು ಬರೆಯುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಶರಾವತಿ ಹಿನ್ನೀರಿನ ಆಚೆ ದಡದ ತುಮರಿ, ಬ್ಯಾಕೋಡು ಕಡೆಯವರಿಗೆ ‘ಫೋಟೋ ಮಾವ’ ಎಂದರೆ ಸಾಕು, ತಿಳಿಯುತ್ತದೆ. ಮಾವ ತೀರಿಕೊಂಡ ಮೇಲೆ ಮಗಳು ಅಂಗಡಿ ನಡೆಸುತ್ತಿದ್ದಾರೆ.

ಈ ಮಳೆಗಾಲದಲ್ಲಿ ನಮ್ಮತ್ತೆ ತೀರಿಕೊಂಡರು. ಮನೆಯಲ್ಲಿದ್ದದ್ದು ಪಿಂಚಣಿ ಅರ್ಜಿಗೆಂದು ತೆಗೆಸಿದ್ದ ಪಾಸ್‌ಪೋರ್ಟ್ ಅಳತೆಯ ಒಂದೇ ಫೋಟೋ. ಅದಕ್ಕೂ ಬೂಸ್ಟು ಹಿಡಿದು ಒಂದು ಕೆನ್ನೆಯೇ ಮಾಸಿತ್ತು. ಬೇರೊಂದು ಕಡೆ ಕಂಪ್ಯೂಟರಿನಲ್ಲಿ ಕೆನ್ನೆ ತುಂಬಿಸಿ ಕೊಟ್ಟರು. ನೋಡಿದರೆ ಯಾರೋ ಬೇರೆ ಹೆಂಗಸು. ಇಲ್ಲಿ ಮಗಳು ಕೇಳಿದ್ದು ಊರು ಯಾವುದು, ಸುಮಾರು ಯಾವ ವರ್ಷ ಅಂತ. ವೃದ್ಧರಿಗೆ ಪಿಂಚಣಿ ಕೊಡುವ ಸಂಧ್ಯಾ ಸುರಕ್ಷಾ ಯೋಜನೆ ಶುರುವಾದ ಹೊಸತು, 2007ರ ಆಸುಪಾಸು ಎಂದೆ. ಬೀರುವಿನಿಂದ ನಮ್ಮೂರಿನ ಲಕೋಟೆ ತೆಗೆದು, ನೆಗೆಟಿವ್ ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಹುಡುಕಿಕೊಟ್ಟರು. ಅದರಿಂದ ಮಾಡಿದ ದೊಡ್ಡ ಪ್ರಿಂಟಿನಲ್ಲಿ ಅತ್ತೆಯ ಮೂಗುಬೊಟ್ಟು, ಹುಬ್ಬಿನ ಮೇಲಿನ ಹಳೇ ಗಾಯದ ಗುರುತು ಎಲ್ಲ ಇದೆ. ನಮ್ಮೆಜಮಾನರು ಅದನ್ನು ಹಿಡಿದುಕೊಂಡು ಅಂಗಡಿಯಲ್ಲೇ ಅತ್ತುಬಿಟ್ಟರು. ಸಾವಾದ ಮನೆಯವರಿಂದ ಮೊದಲ ಪ್ರಿಂಟಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಅದು ಮಾವನ ಕಾಲದಿಂದ ಬಂದ ಪದ್ಧತಿ. ನಾನು ಕೊಟ್ಟದ್ದು ಫ್ರೇಮಿನ ಹಣ ಮಾತ್ರ.

ಆ ನೆಗೆಟಿವ್ ಅಲ್ಲಿರಲು ಕಾರಣ ಮಾವನ ತಿರುಗಾಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯಾಗಿ ಶರಾವತಿ ಹಿನ್ನೀರು ನಿಂತ ಮೇಲೆ ನಮ್ಮ ಕಡೆಯವರಿಗೆ ಸಾಗರ ದೂರವಾಯಿತು. ಒಂದು ಫೋಟೋಗೆಂದು ಹೊಳೆಬಾಗಿಲಿನ ಕಡವಿಗೆ ಬಂದು, ಹಿನ್ನೀರು ದಾಟಿಸುವ ಲಾಂಚ್ ಕಾದು, ಪೇಟೆಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋದಂತೆ. ವಯಸ್ಸಾದವರಿಗಂತೂ ಆಗದ ಮಾತು. ಅದಕ್ಕೇ ಮಾವ ತಾವೇ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಲಾಂಚ್ ಹತ್ತಿ ಬರುತ್ತಿದ್ದರು. ಶಾಲೆಯ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿದರೆ ಅದೇ ಸ್ಟುಡಿಯೋ. ಚೀಲದಲ್ಲಿ ಬಾಚಣಿಗೆ, ಪೌಡರ್ ಡಬ್ಬಿ, ಒಂದು ಇಸ್ತ್ರಿ ಮಾಡಿದ ಅಂಗಿ. ಒಳ್ಳೆಯ ಅಂಗಿ ಇಲ್ಲದವರಿಗೆ ಅದನ್ನು ತಾವೇ ತೊಡಿಸಿ, ಗುಂಡಿ ಹಾಕಿ ಕೂರಿಸುತ್ತಿದ್ದರು. ಪಿಂಚಣಿ ಅರ್ಜಿ ಹಾಕುವ ಮುದುಕರಿಂದ ಕಾಸು ಮುಟ್ಟುತ್ತಿರಲಿಲ್ಲ.

ಅವರ ಬಿಲ್ ಪುಸ್ತಕವನ್ನು ಮಗಳು ತೋರಿಸಿದರು. ಹೆಸರು, ಊರು, ಅದರ ಪಕ್ಕದಲ್ಲಿ ರಕ್ತದ ಗುಂಪು! ಆಸ್ಪತ್ರೆಯಲ್ಲಿ ಯಾರಿಗಾದರೂ ರಕ್ತ ಬೇಕಾದರೆ ಪುಸ್ತಕ ತೆರೆದು ಒಬ್ಬೊಬ್ಬರಿಗೂ ಫೋನ್ ಹಚ್ಚುತ್ತಿದ್ದರು. ಕೊಟ್ಟವರ ಹೆಸರಿನ ಮುಂದೆ ತಾರೀಖು. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆಯದೆ ಮತ್ತೆ ಕೇಳಬಾರದು ಎಂಬ ಲೆಕ್ಕ ಅದು.

ಕೆಲಸದ ಗುಣಮಟ್ಟಕ್ಕೆ ಬಂದರೆ, ಮಾವ ತೊಳೆದ ಕಪ್ಪು-ಬಿಳುಪು ಪ್ರಿಂಟ್‌ಗಳು ಇವತ್ತಿಗೂ ಹಳದಿಯಾಗಿಲ್ಲ. ಹೈಪೋದಿಂದ, ಅಂದರೆ ಚಿತ್ರವನ್ನು ಕಾಗದದ ಮೇಲೆ ನಿಲ್ಲಿಸುವ ದ್ರಾವಣದಿಂದ, ತೆಗೆದ ಮೇಲೆ ನೀರು ಬದಲಿಸಿ ಬದಲಿಸಿ ತೊಳೆಯಬೇಕು. ಹೈಪೋ ಉಳಿದರೆ ಕಾಗದ ಕಂದು ತಿರುಗುತ್ತದೆ. ಅವಸರದ ಸ್ಟುಡಿಯೋಗಳು ಬಿಟ್ಟದ್ದು ಈ ತೊಳೆಯುವುದನ್ನೇ. ನಮ್ಮ ಮಲೆನಾಡಿನ ಥಂಡಿಗೆ ನೆಗೆಟಿವ್ ಉಳಿಸುವುದು ಇನ್ನೂ ಕಷ್ಟ. ಬೀರುವಿನೊಳಗೆ ಸಣ್ಣದೊಂದು ಬಲ್ಬು ಮಳೆಗಾಲವಿಡೀ ಉರಿಯುತ್ತದೆ, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು.

ಕೊರತೆಯನ್ನೂ ಹೇಳುತ್ತೇನೆ. ಫ್ರೇಮಿನಲ್ಲಿ ಆಯ್ಕೆ ಕಡಿಮೆ. ಹಳೆ ಫೋಟೋ ಕೆಲಸಕ್ಕೆ ವಾರ ಹಿಡಿಯುತ್ತದೆ, ಮದುವೆ ಸೀಸನ್ನಿನಲ್ಲಿ ಇನ್ನೂ ತಡ. ಹಳೆಯ ಪ್ರಿಂಟಿಗೆ ಲ್ಯಾಮಿನೇಷನ್ ಕೇಳಿದರೆ ಮಾಡುವುದಿಲ್ಲ, ಒಳಗಿನ ತೇವ ಒಳಗೇ ಉಳಿದು ಫೋಟೋ ಕೆಡುತ್ತದೆ ಎನ್ನುತ್ತಾರೆ. ಅದು ಸರಿಯೇ. ಆನ್‌ಲೈನ್ ಅರ್ಜಿಯ ಫೋಟೋ ಮಾತ್ರ ನಿಂತ ಕಾಲಲ್ಲೇ ಆಗುತ್ತದೆ.

2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆದಮೇಲೆ ಆಚೆ ದಡದವರಿಗೆ ಲಾಂಚ್ ಕಾಯುವ ಕೆಲಸವೂ ಇಲ್ಲ. ಊರಿನ ಹೆಸರಿದ್ದರೂ ಯಾರ ಮುಖ ಎಂದು ಬರೆಯದ ಲಕೋಟೆಗಳು ಬೀರುವಿನಲ್ಲಿ ತುಂಬ ಇವೆ. ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕರೆದುಕೊಂಡು ಹೋಗಿ. ಅವರು ಗುರುತು ಹಿಡಿದಷ್ಟು ಹೆಸರುಗಳನ್ನು ಮಗಳು ಬರೆದಿಟ್ಟುಕೊಳ್ಳುತ್ತಾರೆ. ಭಾನುವಾರ ಬಾಗಿಲು ಹಾಕಿರುತ್ತದೆ.